ಹಳೆ ಎಂಜಿಬಿಯ ಏರ್ ಪಂಪ್ ಕಿತ್ತರೆ ಪವರ್ ಬರುತ್ತಾ?

ಪ್ರಶ್ನೆ: ಸರ್, ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲೇ ಮಾರಾಟವಾಗಿದ್ದ 1978ರ ಎಂಜಿಬಿ, ಅದೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ತಗೊಂಡಿದ್ದೇನೆ. ಬಾನೆಟ್ ಎತ್ತಿದರೆ ಬರೀ ಪೈಪುಗಳು. ಏರ್ ಪಂಪ್, ಇಜಿಆರ್ ವಾಲ್ವ್, ಇದ್ದಿಲ ಡಬ್ಬಿ ಎಲ್ಲ ಕಿತ್ತು ಬಿಸಾಕು, ಗಾಡಿ ಹಾರುತ್ತೆ ಅಂತಾರೆ ಗೆಳೆಯರು. ಊರಲ್ಲಿ ಅಪ್ಪನ ಅಂಬಾಸಿಡರ್‌ಗೆ ಇದ್ಯಾವುದೂ ಇರಲಿಲ್ಲ, ಚೆನ್ನಾಗೇ ಓಡುತ್ತಿತ್ತು. ಕೀಳಲಾ?

ಉತ್ತರ: ಕೀಳಬೇಡಿ. ಕಾನೂನು ಆಮೇಲೆ, ಮೊದಲು ಪವರ್ ಮಾತು.

1962ರಲ್ಲಿ ಬ್ರಿಟನ್ನಿನಲ್ಲಿ ಬಂದ ಎಂಜಿಬಿಗೆ 95 ಅಶ್ವಶಕ್ತಿ ಇತ್ತು, ನಿಮ್ಮ ಅಮೆರಿಕನ್ ಮಾಡೆಲ್‌ಗೆ 62ರ ಆಸುಪಾಸು. ಉಳಿದದ್ದನ್ನು ಪಂಪು ನುಂಗಿತು ಅಂತ ನಿಮ್ಮ ಗೆಳೆಯರ ಲೆಕ್ಕ. ಇಲ್ಲ. ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ ಇದ್ದ ಕಡೆ ಒಂದೇ ಝೆನಿತ್-ಸ್ಟ್ರಾಂಬರ್ಗ್ ಕಾರ್ಬುರೇಟರ್ ಕೂರಿಸಿದರು, ಕಂಪ್ರೆಷನ್ ರೇಷಿಯೋ (ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲ್ ಎಷ್ಟು ಪಟ್ಟು ಒತ್ತುತ್ತೆ ಅನ್ನೋ ಲೆಕ್ಕ) 8ಕ್ಕೆ ಇಳಿಸಿದರು, ಇನ್‌ಲೆಟ್ಟೂ ಎಕ್ಸಾಸ್ಟೂ ಒಂದೇ ಎರಕದಲ್ಲಿ ಸೇರಿಸಿ ಅದರ ಕೆಳಗೇ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಟ್ಟರು. ಪವರ್ ಹೋಗಿದ್ದು ಅಲ್ಲಿ. ಬೆಲ್ಟಿನಲ್ಲಿ ತಿರುಗುವ ಆ ಪಂಪು ಎಕ್ಸಾಸ್ಟ್ ಪೋರ್ಟಿಗೆ ಒಂದಿಷ್ಟು ಗಾಳಿ ಊದುತ್ತೆ, ಸುಡದೆ ಉಳಿದ ಪೆಟ್ರೋಲ್ ಅಲ್ಲೇ ಸುಟ್ಟುಹೋಗಲಿ ಅಂತ, ಅಷ್ಟೇ. ಅದನ್ನು ತೆಗೆದರೆ ಸಿಗುವ ಲಾಭ ನಿಮ್ಮ ಕಾಲಿಗೆ ಗೊತ್ತೂ ಆಗೋದಿಲ್ಲ.

ಇಜಿಆರ್ ಕಥೆ ಇನ್ನೂ ಮಜಾ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅದು ಮುಚ್ಚಿಕೊಂಡಿರುತ್ತೆ, ಐಡಲ್‌ನಲ್ಲೂ ಅಷ್ಟೆ. ಮಧ್ಯದ ವೇಗದಲ್ಲಿ ಮಾತ್ರ ಸ್ವಲ್ಪ ಸುಟ್ಟ ಗಾಳಿಯನ್ನು ವಾಪಸ್ ಸಿಲಿಂಡರಿಗೆ ಕಳಿಸಿ ಒಳಗಿನ ಬಿಸಿ ಇಳಿಸುತ್ತೆ. ಬೇರೇನೂ ಬದಲಿಸದೆ ಇದೊಂದನ್ನೇ ಮುಚ್ಚಿದರೆ ಆ ಮಧ್ಯದ ವೇಗದಲ್ಲೇ ಇಂಜಿನ್ ಟಕಟಕ ಅನ್ನೋಕೆ ಶುರು ಮಾಡಬಹುದು. ಇನ್ನು ಇದ್ದಿಲ ಡಬ್ಬಿ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹಿಡಿದಿಡುತ್ತೆ, ಪವರ್‌ಗೂ ಅದಕ್ಕೂ ಸಂಬಂಧವೇ ಇಲ್ಲ, ಕಿತ್ತರೆ ಗ್ಯಾರೇಜೆಲ್ಲ ಪೆಟ್ರೋಲ್ ವಾಸನೆ. ಇಂಜಿನ್ ಒಳಗಿನ ಹಬೆ ಹೊರಗೆ ಹೋಗಲು ಬೇಕಾದ ಹೊಸ ಗಾಳಿಯೂ ಆ ಡಬ್ಬಿಯ ಮೂಲಕವೇ ಬರುತ್ತೆ. ಅದಕ್ಕೇ ನಿಮ್ಮ ಗಾಡಿಗೆ ತೂತಿಲ್ಲದ ಆಯಿಲ್ ಕ್ಯಾಪ್ ಇರೋದು; ಯಾರೋ ಹಳೆ ತೂತಿನ ಕ್ಯಾಪ್ ಹಾಕಿದ್ದರೆ ಮೊದಲು ಬದಲಿಸಿ.

ಈಗ ಕಾನೂನು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗಳಿಗೆ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇಲ್ಲ. ನಿಮ್ಮದು 1978. ಮೂರೇ ವರ್ಷದ ಅಂತರದಲ್ಲಿ ಸಿಕ್ಕಿಬಿದ್ದಿರಿ. ಎರಡು ವರ್ಷಕ್ಕೊಮ್ಮೆ ಹೋಗಲೇಬೇಕು, ಹೊಗೆ ಎಷ್ಟೇ ಶುದ್ಧವಾಗಿದ್ದರೂ ಒಂದು ಭಾಗ ಕಾಣೆಯಾಗಿದ್ದರೆ ಫೇಲ್. 35 ವರ್ಷ ದಾಟಿ ಕಲೆಕ್ಟರ್ ಇನ್ಶೂರೆನ್ಸ್ (ಸಂಗ್ರಹಕ್ಕೆ ಇಟ್ಟ ಹಳೆ ಗಾಡಿಗಳ ವಿಮೆ) ಇರುವ ಗಾಡಿಗೆ ಸ್ಮಾಗ್ ರೆಫರಿ, ಅಂದರೆ ಇಂಥ ವಿಶೇಷ ಗಾಡಿಗಳನ್ನು ಪರೀಕ್ಷಿಸುವ ಕೇಂದ್ರದ ಹತ್ತಿರ ಹೋಗಿ ಈ ಭಾಗಗಳ ತಪಾಸಣೆಯಿಂದ ವಿನಾಯಿತಿ ಪಡೆಯುವ ದಾರಿ ಇದೆ ನಿಜ, ಆದರೆ ಅಲ್ಲೂ ಹೊಗೆ ಪಾಸಾಗಲೇಬೇಕು, ಎಲ್ಲ ಕಿತ್ತ ಮೇಲೆ ಅದು ಸುಲಭ ಅಲ್ಲ.

ನನ್ನ ಅನುಮಾನ ಬೇರೆ ಕಡೆ. ಆ ಸ್ಟ್ರಾಂಬರ್ಗ್‌ನ ಇಂಜಿನ್ನಿನ ಬಿಸಿನೀರಿನಿಂದ ತಾನೇ ನಡೆಯುವ ಆಟೋ ಚೋಕ್ ಅಂಟಿಕೊಂಡು ಪೆಟ್ರೋಲ್ ಜಾಸ್ತಿ ಸುರಿಯೋದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಅದನ್ನು ಬಿಚ್ಚಿ ಕ್ಲೀನ್ ಮಾಡಿಸಿ. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪುಗಳನ್ನೆಲ್ಲ ಹೊಸದು ಹಾಕಿ, ದುಬಾರಿ ಏನಲ್ಲ. ಆಕ್ಸಿಲರೇಟರ್ ಬಿಟ್ಟಾಗ ಎಕ್ಸಾಸ್ಟ್ ಪಟಪಟ ಅಂದರೆ ಗಲ್ಪ್ ವಾಲ್ವ್ (ಆ ಕ್ಷಣ ಇಂಜಿನ್ನಿಗೆ ಒಂದಿಷ್ಟು ಹೆಚ್ಚು ಗಾಳಿ ಬಿಡುವ ವಾಲ್ವ್) ನೋಡಿ. ಇಷ್ಟಾದ ಮೇಲೆ ಇಗ್ನಿಷನ್ ಟೈಮಿಂಗ್.

ಅಂದಹಾಗೆ ಅಪ್ಪನ ಅಂಬಾಸಿಡರ್ ನಿಮ್ಮ ಗಾಡಿಗೆ ನೆಂಟನೇ. ಅದರ ಹಳೆಯ 1489 ಸಿಸಿ ಪೆಟ್ರೋಲ್ ಇಂಜಿನ್, ನಿಮ್ಮ 1798 ಸಿಸಿ, ಎರಡೂ ಬ್ರಿಟಿಷ್ ಕಾರು ಕಂಪನಿ ಬಿಎಂಸಿಯ ಬಿ-ಸೀರೀಸ್ ಅನ್ನೋ ಒಂದೇ ಇಂಜಿನ್ ಕುಟುಂಬದವು.

ಪ್ರಶ್ನೆ: ನನ್ನದು 1986ರ ಅಂಬಾಸಿಡರ್, ಹಾಸನ. ಟ್ಯಾಪೆಟ್ ಕವರ್‌ನಿಂದ ಏರ್ ಕ್ಲೀನರ್‌ಗೆ ಹೋಗುವ ಪೈಪಿನಲ್ಲಿ ಆಯಿಲ್ ಬರುತ್ತಿದೆ. ಪೈಪ್ ಕಿತ್ತು ಬಾಯಿ ಮುಚ್ಚಿಬಿಡೋಣ ಅಂತಾನೆ ಮೆಕ್ಯಾನಿಕ್.

ಉತ್ತರ: ಬೇಡ. ಒಳಗಿನ ಹಬೆಗೆ ದಾರಿ ಬೇಕು, ಆ ಬಾಯಿ ಮುಚ್ಚಿದರೆ ಸೀಲ್ ಸಂದಿಯಿಂದ ಆಯಿಲ್ ಹೊರಗೆ ಬರುತ್ತೆ. ಪಿಸ್ಟನ್ ರಿಂಗ್ ಸವೆದಿರಬಹುದು, ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕು ಸಿಲಿಂಡರೂ ಸರಿಯಿದ್ದರೆ ಆಯಿಲ್ ಜಾಸ್ತಿ ತುಂಬಿದ್ದಾರಾ ಅಂತ ಡಿಪ್‌ಸ್ಟಿಕ್ ನೋಡಿ.