ಇಕಾಮಾ ಮುಗಿದರೆ ತಪ್ಪು ಯಾರದು?

ಸಿಂಧನೂರು ತಾಲ್ಲೂಕಿನಿಂದ ಒಬ್ಬ ತಂಗಿ ಬರೆದಿದ್ದಾರೆ. ಗಂಡ ಸೌದಿಯ ದಮ್ಮಾಮ್‌ನಲ್ಲಿ ವೆಲ್ಡರ್. ಕಂಪನಿಯವರು ಏಳು ತಿಂಗಳಿಂದ ಅವರ ಇಕಾಮಾ ರಿನ್ಯೂವಲ್ ಮಾಡಿಸಿಲ್ಲ. ನಾಲ್ಕು ತಿಂಗಳಿಂದ ಪಗಾರವೂ ಇಲ್ಲ. ತಾಯಿ ಹಾಸಿಗೆ ಹಿಡಿದಿದ್ದಾರೆ, ಮಗನಿಗೆ ಬರಲಾಗುತ್ತಿಲ್ಲ. 'ಸುಮ್ನೆ ಯಾರಾದರೂ ಕಾಗದ ತಡೀತಾರಾ? ಇವನೇ ಏನೋ ಮಾಡ್ಕೊಂಡಿದ್ದಾನೆ' ಎಂದು ಮಾವನವರು ಬೈಯುತ್ತಾರಂತೆ. 'ನಿಜ ಹೇಳಿ ಸರ್, ಇದರಲ್ಲಿ ಇವರ ತಪ್ಪೆಷ್ಟು?' ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ತಂಗಿ, ನೀವು ಬರೆದಿರುವುದರಲ್ಲಿ ಅವರ ತಪ್ಪು ಒಂದೂ ಇಲ್ಲ.

ಇಕಾಮಾ ಅಂದರೆ ಸೌದಿಯಲ್ಲಿ ಇರಲು ಕೊಡುವ ಕಾರ್ಡ್. ಕಂಪನಿ ಕೆಲಸದವರಿಗೆ ಅದನ್ನು ಮಾಡಿಸುವುದು, ರಿನ್ಯೂವಲ್ ಮಾಡಿಸುವುದು, ತಡವಾದರೆ ದಂಡ ಕಟ್ಟುವುದು ಎಲ್ಲವೂ ಮಾಲೀಕನ ಜವಾಬ್ದಾರಿ. ಅಲ್ಲಿನ ಕಾರ್ಮಿಕ ಕಾನೂನಿನ 40ನೇ ಕಲಂ ಹಾಗೆಯೇ ಹೇಳುತ್ತದೆ. ಆದರೆ ಖರ್ಚು ದೊಡ್ಡದು. ಸೌದಿಯವರಿಗಿಂತ ವಿದೇಶಿಯರು ಜಾಸ್ತಿ ಇರುವ ಕಂಪನಿ 2018ರಲ್ಲಿ ಒಬ್ಬ ಕೆಲಸಗಾರನ ಮೇಲೆ ತಿಂಗಳಿಗೆ 400 ರಿಯಾಲ್ ಲೆವಿ, ಅಂದರೆ ಸರ್ಕಾರಿ ಶುಲ್ಕ, ಕಟ್ಟಬೇಕಿತ್ತು. 2020ಕ್ಕೆ ಅದು 800 ಆಯಿತು. ವಿನಾಯಿತಿ ಸಿಗದ ಕಂಪನಿಗೆ ವರ್ಷಕ್ಕೆ ತಲೆಗೆ 9,600 ರಿಯಾಲ್. ಬಿಲ್ ಬಾಕಿ ಉಳಿದು ಕೈ ಕಟ್ಟಿಹೋದ ಕಂಪನಿ ಈ ದುಡ್ಡನ್ನೇ ಮೊದಲು ನಿಲ್ಲಿಸುತ್ತದೆ. ಕಾರ್ಡಿನಲ್ಲಿ ತಾರೀಕು ಮುಗಿಯುತ್ತದೆ. ಬ್ಯಾಂಕ್ ಖಾತೆ ಸ್ತಬ್ಧ, ಆಸ್ಪತ್ರೆ ವಿಮೆ ಇಲ್ಲ, ರಸ್ತೆಯಲ್ಲಿ ಪೊಲೀಸರು ಕಂಡರೆ ಎದೆ ಧಸಕ್ ಅನ್ನುತ್ತದೆ. ಅನುಭವಿಸುವವರು ಮಾತ್ರ ನಿಮ್ಮ ಯಜಮಾನರು.

ಮಾವನವರಿಗೆ ಕಾಲುವೆ ಲೆಕ್ಕದಲ್ಲಿ ಹೇಳಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲೆ ಗೇಜ್ (ನೀರಿನ ಮಟ್ಟ) ಇಳಿದರೆ ಕೊನೆ ಭಾಗದ ಭತ್ತ ಒಣಗುತ್ತದೆ. ಆಗ ಕೊನೆ ಭಾಗದ ರೈತನನ್ನು ಯಾರಾದರೂ ಬೈಯುತ್ತಾರಾ? 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಾವೆಲ್ಲ ಯಾವ ತಪ್ಪು ಮಾಡಿದ್ದೆವು?

ದುಬಾರಿ ಓದು ಓದಿದವರ ಕಥೆಯೂ ಇದೇ. ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ಅಮೆರಿಕಕ್ಕೆ ಹೋದ ಇಂಜಿನಿಯರನ್ನು ಕಂಪನಿ ಕೆಲಸದಿಂದ ತೆಗೆದರೆ, ಬೇರೆ ದಾರಿ ನೋಡಿಕೊಳ್ಳಲು ಅವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಅಪ್ಪ ಅಮ್ಮನ ಜೊತೆ ಹೋದ ಮಗುವಿಗೆ 21 ತುಂಬಿದರೆ ಆ ವೀಸಾದ ಆಸರೆಯೂ ಹೋಗುತ್ತದೆ. ವಯಸ್ಸಾಗುವುದು ತಪ್ಪಲ್ಲ ಅಲ್ವಾ?

ಈಗ ಮಾಡಬೇಕಾದ್ದು ಹೇಳುತ್ತೇನೆ. ಬೇಸತ್ತು ಕಂಪನಿ ಬಿಟ್ಟು ಬೇರೆ ಕಡೆ ಕದ್ದು ಕೆಲಸಕ್ಕೆ ಹೋಗಬೇಡಿ ಎಂದು ಅವರಿಗೆ ಕೈಮುಗಿದು ಹೇಳಿ. ಆಗ ಮಾಲೀಕ 'ಹುರೂಬ್', ಅಂದರೆ ಓಡಿಹೋದ, ಎಂದು ಬರೆಸಿಬಿಡಬಹುದು. ಇವತ್ತಿನವರೆಗೆ ಇಲ್ಲದ ತಪ್ಪು ಅಂದು ಅವರ ತಲೆಗೆ ಬರುತ್ತದೆ. ಹಾಗೆ ಬರೆಸಿದ್ದಾರೋ ಇಲ್ಲವೋ ಎಂದು ಈಗಲೇ ಅಲ್ಲಿನ ಆನ್‌ಲೈನ್ ಸೇವೆಯಲ್ಲಿ ನೋಡಿಕೊಳ್ಳಲಿ. ಓಟಿಪಿ ಮಾತ್ರ ಯಾರಿಗೂ ಹೇಳಬಾರದು.

2021ರ ಮಾರ್ಚಿನಿಂದ ಒಂದು ಬಾಗಿಲು ತೆರೆದಿದೆ. ಸತತ ಮೂರು ತಿಂಗಳು ಪಗಾರ ಕೊಡದಿದ್ದರೆ ಅಥವಾ ಇಕಾಮಾ ಮುಗಿದಿದ್ದರೆ, ಹಳೆಯ ಮಾಲೀಕನ ಒಪ್ಪಿಗೆ ಇಲ್ಲದೆಯೇ ಹೊಸ ಕಂಪನಿಗೆ ವರ್ಗವಾಗಬಹುದು. ನಿಮ್ಮವರಿಗೆ ಎರಡೂ ಅನ್ವಯಿಸುತ್ತವೆ. (ಮನೆ ಡ್ರೈವರ್, ಮನೆಗೆಲಸದವರನ್ನು ಆ ಸುಧಾರಣೆಯಿಂದ ಹೊರಗಿಟ್ಟಿದ್ದರು. ಇದು ನನಗೆ ತುಂಬಾ ನೋವಿನ ವಿಷಯ.)

ಅವರು ರಿಯಾದ್‌ನ ಭಾರತೀಯ ರಾಯಭಾರ ಕಚೇರಿಯ ಕಾರ್ಮಿಕ ವಿಭಾಗಕ್ಕೆ ದೂರು ಕೊಡಲಿ. ನೀವು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ಬರೆಸಿ. ಪಾಸ್‌ಪೋರ್ಟ್, ಇಕಾಮಾ, ಕರಾರುಪತ್ರದ ಫೋಟೊ, ಪಗಾರ ಬಂದ ಕೊನೆಯ ತಾರೀಕು ಜೊತೆಗಿರಲಿ. ಟಿಕೆಟಿಗೂ ದುಡ್ಡಿಲ್ಲದ ಕಷ್ಟಕ್ಕೆ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, ಅದನ್ನೂ ಕೇಳಿ. 'ದುಡ್ಡು ಕೊಡಿ, ಬಿಡಿಸ್ತೀನಿ' ಅನ್ನುವ ಏಜೆಂಟರಿಗೆ ಒಂದು ರೂಪಾಯಿಯೂ ಬೇಡ.

ದೂರಿನ ನಂಬರ್ ಬಂದ ಕೂಡಲೇ ನಮಗೂ ತಿಳಿಸಿ. ಈ ಪುಟವನ್ನು ಇವತ್ತು ಸಂಜೆಯೇ ಮಾವನವರಿಗೆ ಓದಿ ಹೇಳಿ.