ಮಜ್ಜಿಗೆ ನಿಮಗಿರಲಿ, ಗಿಡಕ್ಕೆ ಬಿಸಿಲಿರಲಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ‘ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ’ ಅಂತಲೇ ಶುರುವಾಗುತ್ತವೆ. ಅಡುಗೆಮನೆಯಲ್ಲಿ ಮಿಕ್ಕಿದ್ದನ್ನೆಲ್ಲ ಕುಂಡಕ್ಕೆ ಸುರಿಯಿರಿ, ವಾರದಲ್ಲಿ ಗಿಡ ತುಂಬಿಕೊಳ್ಳುತ್ತದೆ ಅಂತ ಅದರಲ್ಲಿ ಹೇಳಿರುತ್ತಾರೆ. ಮಿಕ್ಕಿದ್ದು ಕೊಳೆತು ಗೊಬ್ಬರವಾದ ಮೇಲೆ ಗಿಡಕ್ಕೆ ಊಟ. ಅದಕ್ಕೂ ಮೊದಲು ಅದು ಇರುವೆಗೆ, ನೊಣಕ್ಕೆ, ಬೂಷ್ಟಿಗೆ ಊಟ. ಇನ್ನು ಪತ್ರಗಳಿಗೆ ಬರೋಣ.

ಪ್ರಶ್ನೆ: ಮೇಡಂ, ಕುಂಡದಲ್ಲಿ ಕರಿಬೇವು ಹಾಕಿ ಎರಡು ವರ್ಷ ಆಯಿತು. ಮೊಣಕಾಲೆತ್ತರಕ್ಕೆ ಒಂದೇ ಕಡ್ಡಿ ನಿಂತಿದೆ. ಎಲೆ ಹಳದಿ. ದಿನ ಬಿಟ್ಟು ದಿನ ಹುಳಿ ಮಜ್ಜಿಗೆ ಹಾಕುತ್ತಿದ್ದೇನೆ. ಈಗ ಮಣ್ಣಿನ ಮೇಲೆ ಬಿಳಿ ಬೂಷ್ಟು ಬಂದಿದೆ, ಇರುವೆ ಮುತ್ತಿದೆ. ಇನ್ನೂ ಜಾಸ್ತಿ ಹಾಕಬೇಕಾ?
– ಗೃಹಿಣಿ, ವಿಜಯನಗರ, ಬೆಂಗಳೂರು

ಉತ್ತರ: ಬೇಡ ತಾಯಿ, ನಿಲ್ಲಿಸಿಬಿಡಿ. ಆ ಮಜ್ಜಿಗೆಯನ್ನು ಅನ್ನಕ್ಕೆ ಕಲಸಿಕೊಂಡು ನೀವೇ ಊಟ ಮಾಡಿ. ನಮ್ಮ ಅಮ್ಮಂದಿರು ಕರಿಬೇವಿಗೆ ಮಜ್ಜಿಗೆ ಹಾಕುತ್ತಿದ್ದದ್ದು ನಿಜ. ತಿಪಟೂರಿನ ನನ್ನ ತವರಿನಲ್ಲೂ ಹಾಕುತ್ತಿದ್ದರು. ಆದರೆ ಅದು ಮಜ್ಜಿಗೆ ಪಾತ್ರೆ ತೊಳೆದ ನೀರು. ಅದೂ ಹಿತ್ತಲಿನ ನೆಲದಲ್ಲಿ ನಿಂತ ಮರಕ್ಕೆ. ನೆಲದಲ್ಲಿ ಎರೆಹುಳ ಇರುತ್ತದೆ, ಮಣ್ಣಿಗೆ ಆಳ ಇರುತ್ತದೆ, ಹಾಕಿದ್ದೆಲ್ಲ ಕರಗಿ ಹೋಗುತ್ತದೆ. ಕುಂಡದಲ್ಲಿ ಹಾಗಲ್ಲ. ಮಜ್ಜಿಗೆಯ ಜಿಡ್ಡು ಮೇಲೆಯೇ ಪದರ ಕಟ್ಟುತ್ತದೆ. ಆ ಬಿಳಿ ಬೂಷ್ಟು ಅದರದೇ. ಬೂಷ್ಟು ಬಂದ ಮೇಲ್ಮಣ್ಣನ್ನು ಒಂದಿಂಚು ಕೆರೆದು ತೆಗೆಯಿರಿ, ಹೊಸ ಮಣ್ಣು ಹಾಕಿ.

ಈಗ ಹಳದಿ ಎಲೆ ನೋಡೋಣ. ಎಲೆಯನ್ನು ಬೆಳಕಿಗೆ ಹಿಡಿಯಿರಿ. ನರ ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ, ಅದೂ ಹೊಸ ಎಲೆಗಳಲ್ಲಿ, ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ ಅಂತ. ಬೋರ್‌ವೆಲ್‌ನ ಗಡಸು ನೀರು ಹಾಕುವ ಮನೆಗಳಲ್ಲಿ ಇದು ಮಾಮೂಲು. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣದ ಅಂಶ ಜಾಸ್ತಿಯಾಗಿ ಬೇರಿಗೆ ದಕ್ಕುವುದಿಲ್ಲ. ಮಜ್ಜಿಗೆಯ ಹುಳಿಯಿಂದ ಒಂದಿಷ್ಟು ಉಪಯೋಗ ಆಗುವುದಿದ್ದರೆ ಇಲ್ಲೇ. ಹಾಕಲೇಬೇಕು ಅನ್ನಿಸಿದರೆ ಬೆಣ್ಣೆ ತೆಗೆದ ಮಜ್ಜಿಗೆ ಒಂದು ಲೋಟ, ನೀರು ಹತ್ತು ಲೋಟ, ಹದಿನೈದು ದಿನಕ್ಕೊಮ್ಮೆ. ಅದಕ್ಕಿಂತ ಮಳೆ ನೀರು ಹಿಡಿದಿಟ್ಟು ಹಾಕುವುದು ಒಳ್ಳೆಯದು. ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ, ಅದರಲ್ಲಿ ಗಡಸುತನ ಇರುವುದಿಲ್ಲ. ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾಗಿದ್ದರೆ ಮಾತ್ರ ಗೊಬ್ಬರ ಸಾಲದು ಎಂದರ್ಥ. ಕಡಲೆಕಾಯಿ ಹಿಂಡಿ ಒಂದು ಹಿಡಿ, ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ. ಹತ್ತರಷ್ಟು ನೀರು ಸೇರಿಸಿ ತೆಳ್ಳಗೆ ಮಾಡಿ ಬುಡಕ್ಕೆ ಹಾಕಿ. ತಿಂಗಳಿಗೆ ಒಂದೆರಡು ಸಲ ಸಾಕು. ನೆನೆಯುವಾಗ ಮುಚ್ಚಿಡಿ, ಇಲ್ಲದಿದ್ದರೆ ಆ ವಾಸನೆಗೆ ಪಕ್ಕದ ಮನೆಯವರು ಬಂದು ವಿಚಾರಿಸುತ್ತಾರೆ.

ಒಂದೇ ಕಡ್ಡಿಯಾಗಿ ಬೆಳೆದದ್ದಕ್ಕೆ ಕಾರಣ ನೀವು ಒಗ್ಗರಣೆಗೆ ಬೇಕಾದಾಗ ಎಲೆ ಎಲೆಯಾಗಿ ಕೀಳುವುದು. ಕೀಳಬೇಡಿ. ಕತ್ತರಿ ತೆಗೆದುಕೊಂಡು ತುದಿಯನ್ನೇ ಕಡ್ಡಿ ಸಮೇತ ಕತ್ತರಿಸಿ. ಕತ್ತರಿಸಿದ ಜಾಗದ ಕೆಳಗೆ ಎರಡು ಮೂರು ಕವಲು ಒಡೆಯುತ್ತವೆ. ಕುಂಡ ಒಂದಡಿ ಅಗಲ ಇರಲಿ, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಲಿ. ಬಾಲ್ಕನಿಯ ನೆರಳಿನಲ್ಲಿಟ್ಟು ಏನು ಹಾಕಿದರೂ ಅಷ್ಟೇ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕರಿಬೇವು ಸುಮ್ನೆ ನಿಲ್ಲುತ್ತದೆ, ಆಗ ಗಾಬರಿಯಾಗಿ ಗೊಬ್ಬರ ಸುರಿಯಬೇಡಿ.

ಎಲೆಯ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳ ಕಂಡರೆ ಅದು ನಿಂಬೆ ಚಿಟ್ಟೆಯ ಮರಿ. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಪುಟ್ಟ ಗಿಡವನ್ನು ಎರಡು ದಿನದಲ್ಲಿ ಬೋಳು ಮಾಡಬಲ್ಲದು. ಕೈಯಲ್ಲಿ ತೆಗೆದು ಬೇರೆ ನಿಂಬೆ ಗಿಡವೋ ಬಿಲ್ವದ ಮರವೋ ಇದ್ದರೆ ಅಲ್ಲಿಗೆ ಬಿಡಿ.

ಪ್ರಶ್ನೆ: ಮೊಟ್ಟೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಕಾಫಿ ಚರಟ – ಮೂರನ್ನೂ ಟೊಮೆಟೊ ಗಿಡಕ್ಕೆ ಹಾಕುತ್ತಿದ್ದೇನೆ. ಆದರೂ ಕಾಯಿಯ ತಳ ಕಪ್ಪಗಾಗಿ ಕೊಳೆಯುತ್ತಿದೆ.
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ತಳ ಕಪ್ಪಾಗುವುದು ಕ್ಯಾಲ್ಸಿಯಂ ಕೊರತೆಯಿಂದ. ಅದಕ್ಕೇ ಎಲ್ಲರೂ ಮೊಟ್ಟೆ ಸಿಪ್ಪೆ ಅನ್ನುವುದು. ಆದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ಕಾಯಿಯವರೆಗೆ ಹೋಗುವುದು ನೀರಿನ ಜೊತೆ. ನೀವು ಮೂರು ದಿನ ಮರೆತು ನಾಲ್ಕನೇ ದಿನ ಬಕೆಟ್ ಸುರಿಯುತ್ತಿದ್ದೀರಿ ಅಂತ ನನ್ನ ಗುಮಾನಿ. ಒಂದೇ ಹದದಲ್ಲಿ ತೇವ ಇರಲಿ, ಬುಡಕ್ಕೆ ಒಣಗಿದ ಎಲೆಯೋ ತೆಂಗಿನ ನಾರೋ ಹೊದಿಸಿ. ಮುಂದಿನ ಗೊಂಚಲು ಸರಿಹೋಗುತ್ತದೆ.

ಮೊಟ್ಟೆ ಸಿಪ್ಪೆ ಚೂರು ಚೂರಾಗಿ ಹಾಕಿದರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ತೊಳೆದು, ಒಣಗಿಸಿ, ಮಿಕ್ಸಿಯಲ್ಲಿ ರವೆಗಿಂತ ನುಣ್ಣಗೆ ಪುಡಿ ಮಾಡಿ, ಮಣ್ಣು ಕಲಸುವಾಗಲೇ ಸೇರಿಸಿ. ಬಾಳೆ ಸಿಪ್ಪೆಯ ನೀರು ಬೇಡ. ಬಣ್ಣ ಗಾಢವಾಗಿ ಕಾಣುತ್ತದೆ, ಸತ್ವ ಬಹುಪಾಲು ಸಿಪ್ಪೆಯಲ್ಲೇ ಉಳಿಯುತ್ತದೆ. ಸಿಪ್ಪೆಯನ್ನು ಹೆಚ್ಚಿ ಕಾಂಪೋಸ್ಟ್ ಡಬ್ಬಕ್ಕೆ ಹಾಕಿ. ಕಾಫಿ ಚರಟ ಒಳ್ಳೆಯ ವಸ್ತು, ಅದರಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಸಾರಜನಕ ಇದೆ. ಆದರೆ ಮೇಲೆ ದಪ್ಪಗೆ ಹರಡಿದರೆ ಒಣಗಿ ಹೆಪ್ಪುಗಟ್ಟಿ ನೀರನ್ನೇ ಇಳಿಯಗೊಡುವುದಿಲ್ಲ. ಅದೂ ಕಾಂಪೋಸ್ಟಿಗೇ ಹೋಗಲಿ. ಹಾಲು, ಸಕ್ಕರೆ ಬೆರೆತ ಟೀ ಚರಟವಾದರೆ ಒಮ್ಮೆ ತೊಳೆದು ಹಾಕಿ.

ಪ್ರಶ್ನೆ: ಡಬ್ಬದಲ್ಲಿ ಕಾಂಪೋಸ್ಟ್ ಮಾಡಲು ಹೋಗಿ ಮನೆಯವರ ಹತ್ತಿರ ಬೈಸಿಕೊಂಡಿದ್ದೇನೆ. ಗಬ್ಬು ವಾಸನೆ, ಜೊತೆಗೆ ದಪ್ಪ ಹುಳ.
– ಓದುಗರು, ದಾವಣಗೆರೆ

ಉತ್ತರ: ವಾಸನೆ ಬರುವುದು ನೀರು ಜಾಸ್ತಿಯಾಗಿ ಗಾಳಿ ಕಡಿಮೆಯಾದಾಗ. ಹಸಿ ಸಿಪ್ಪೆ ಎಷ್ಟು ಹಾಕುತ್ತೀರೋ ಅದರ ಎರಡರಷ್ಟು ಒಣ ಎಲೆ ಅಥವಾ ಹರಿದ ಪೇಪರ್ ಹಾಕಿ, ಕೋಲಿನಲ್ಲಿ ತಿರುವಿ ಹಾಕಿ. ಡಬ್ಬದ ಪಕ್ಕಕ್ಕೂ ತಳಕ್ಕೂ ತೂತು ಇರಲಿ. ಎರಡೇ ದಿನದಲ್ಲಿ ಫರಕು ಗೊತ್ತಾಗುತ್ತದೆ. ಹುಳ ಬಹುಶಃ ಕಪ್ಪು ಸೈನಿಕ ನೊಣದ ಮರಿ. ಕಚ್ಚುವುದಿಲ್ಲ, ಸಿಪ್ಪೆಯನ್ನು ಬೇಗ ಕರಗಿಸುತ್ತದೆ. ಇದನ್ನು ಮನೆಯವರಿಗೆ ಓದಿ ಹೇಳಿ. ಒಪ್ಪುತ್ತಾರೆ ಅಂತ ಭರವಸೆ ಕೊಡಲಾರೆ.

ಪ್ರಶ್ನೆ: ದಾಸವಾಳದ ಚಿಗುರಿನ ತುಂಬ ಬಿಳಿ ಹತ್ತಿಯಂಥದ್ದು ಅಂಟಿಕೊಂಡಿದೆ. ಎಲೆ ಮುದುರಿ ಮೊಗ್ಗು ಉದುರುತ್ತಿದೆ. ದೇವರಿಗೆ ದಿನಾ ಹತ್ತಾರು ಹೂ ಕೊಡುತ್ತಿದ್ದ ಗಿಡ. ಅಂಗಡಿಯ ಔಷಧ ಹೊಡೆಯಲು ಮನಸ್ಸಿಲ್ಲ, ಮೊಮ್ಮಗು ಅಲ್ಲೇ ಆಡುತ್ತದೆ.
– ನಿವೃತ್ತ ನೌಕರರು, ಹಾಸನ

ಉತ್ತರ: ಅದು ಹಿಟ್ಟು ತಿಗಣೆ, ಸ್ವಾಮಿ. ಔಷಧ ಹೊಡೆಯದೆ ಇದ್ದದ್ದು ಒಳ್ಳೆಯದಾಯಿತು. ಮೊದಲ ಕೆಲಸ ಕತ್ತರಿ. ಮುದುರಿದ ತುದಿಗಳನ್ನೆಲ್ಲ ಕತ್ತರಿಸಿ ಸೋಪು ನೀರಿನ ಬಕೆಟ್ಟಿಗೆ ಹಾಕಿ. ಕಾಂಪೋಸ್ಟಿಗೆ ಹಾಕಬೇಡಿ, ಅಲ್ಲಿಂದ ಮತ್ತೆ ಹತ್ತಿ ಬರುತ್ತದೆ. ಆಮೇಲೆ ಪೈಪಿನ ನೀರನ್ನು ರಭಸವಾಗಿ ಎಲೆಯ ಅಡಿಗೆ ಹೊಡೆಯಿರಿ. ಅರ್ಧ ತಿಗಣೆ ಇದರಲ್ಲೇ ಉದುರುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ಅರ್ಧ ಚಮಚ ಪಾತ್ರೆ ತೊಳೆಯುವ ದ್ರವ ಸೋಪು ಕಲಸಿ ಸಿಂಪಡಿಸಿ. ಸೋಪು ಮೊದಲು ಎಣ್ಣೆಯ ಜೊತೆ ಕಲಸಿ, ಆಮೇಲೆ ನೀರು ಸೇರಿಸಿ. ಇಲ್ಲದಿದ್ದರೆ ಎಣ್ಣೆ ಮೇಲೆ ತೇಲಿ ಎಲೆ ಸುಡುತ್ತದೆ. ಒಂದೇ ಸಲಕ್ಕೆ ನಿಲ್ಲಿಸಬೇಡಿ. ಆ ಹತ್ತಿಯಂಥ ಚೀಲದೊಳಗಿನ ಮೊಟ್ಟೆಗೆ ಸೋಪು ತಾಗುವುದಿಲ್ಲ. ಅದು ಒಡೆದು ಮರಿ ಬರುವ ಹೊತ್ತಿಗೆ ಇನ್ನೊಂದು ಸಲ ಆಗಬೇಕು. ವಾರಕ್ಕೊಮ್ಮೆ ಅಂತ ಮೂರು ವಾರ ಮಾಡಿ.

ಇರುವೆಯನ್ನು ತಡೆಯದೆ ಇದೆಲ್ಲ ಮಾಡಿದರೆ ದಂಡ. ತಿಗಣೆ ಸುರಿಸುವ ಸಿಹಿ ಅಂಟಿಗೋಸ್ಕರ ಇರುವೆಗಳು ಅದನ್ನು ದನ ಕಾಯುವವರ ಹಾಗೆ ಕಾಯುತ್ತವೆ, ಗಿಡದಿಂದ ಗಿಡಕ್ಕೆ ಹೊತ್ತೂ ಹಾಕುತ್ತವೆ. ಕುಂಡದಲ್ಲಿದ್ದರೆ ಒಂದು ಅಗಲದ ತಟ್ಟೆಯಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ಕುಂಡ ಇಡಿ. ತಟ್ಟೆಗೆ ನೀರು ಹಾಕಿ, ನಾಲ್ಕು ಹನಿ ಸೋಪು ಬಿಡಿ. ಸೋಪು ಇದ್ದರೆ ಸೊಳ್ಳೆಯೂ ಮರಿ ಮಾಡುವುದಿಲ್ಲ. ನೆಲದ ಗಿಡವಾದರೆ ಬುಡದ ಕಾಂಡಕ್ಕೆ ಪೇಪರ್ ಸುತ್ತಿ ಅದರ ಮೇಲೆ ವ್ಯಾಸಲೀನ್ ಸವರಿ.

ಇನ್ನೊಂದು ಮಾತು. ಹಿಟ್ಟು ತಿಗಣೆಯ ಮಧ್ಯೆ ಅದರ ಥರವೇ ಬಿಳಿ ಎಳೆಗಳಿರುವ, ಆದರೆ ದೊಡ್ಡದಾದ, ಚುರುಕಾಗಿ ಓಡಾಡುವ ಹುಳ ಕಂಡರೆ ಅದನ್ನು ಬಿಡಿ. ಅದು ಗುಲಗಂಜಿ ಹುಳದ ಜಾತಿಯ ಮರಿ. ತಿಗಣೆಯನ್ನೇ ತಿಂದು ಬದುಕುತ್ತದೆ. ಔಷಧ ಹೊಡೆದರೆ ಮೊದಲು ಸಾಯುವುದು ಇದೇ. ಪಪ್ಪಾಯ ತಿಗಣೆಯ ಕಥೆ ಕೇಳಿದ್ದೀರಾ? ನಮ್ಮ ದೇಶದಲ್ಲಿ ಅದು 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡಿತು. ಆಮೇಲೆ ನಮ್ಮ ಹಿಪ್ಪುನೇರಳೆ ತೋಟಗಳಿಗೂ ಬಂದು ರೇಷ್ಮೆ ಬೆಳೆಗಾರರ ನಿದ್ದೆ ಕೆಡಿಸಿತು. ಎಷ್ಟು ವಿಷ ಹೊಡೆದರೂ ಬಗ್ಗಲಿಲ್ಲ. ಕೊನೆಗೆ 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ಕೀಟ ವಿಜ್ಞಾನಿಗಳು ಪೋರ್ಟೊರಿಕೊದಿಂದ ಕಣ್ಣಿಗೆ ಕಾಣದಷ್ಟು ಪುಟ್ಟ ಕಣಜಗಳನ್ನು ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟರು. ತಿಗಣೆ ಹತೋಟಿಗೆ ಬಂದದ್ದು ಆಗಲೇ. ನಿಮ್ಮ ದಾಸವಾಳದ ಸುತ್ತಲೂ ಇಂಥ ಕೂಲಿ ಕೇಳದ ಆಳುಗಳು ಇರುತ್ತಾರೆ. ಅವರ ಹೊಟ್ಟೆಗೆ ಹೊಡೆಯದಿದ್ದರೆ ಸಾಕು.

ಪ್ರಶ್ನೆ: ಅಡುಗೆಗೆ ತಂದ ಧನಿಯಾ ಬಿತ್ತಿದರೆ ಮೊಳೆಯುವುದೇ ಇಲ್ಲ.
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಧನಿಯಾ ಕಾಳು ಅಂದರೆ ಒಂದಲ್ಲ, ಒಳಗೆ ಎರಡು ಬೀಜ. ಪೇಪರ್ ಮೇಲೆ ಹರಡಿ ಲಟ್ಟಣಿಗೆಯಲ್ಲಿ ಮೆಲ್ಲಗೆ ಉರುಳಿಸಿದರೆ ಹೋಳಾಗುತ್ತದೆ. ಪುಡಿ ಮಾಡಿಬಿಡಬೇಡ. ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತು, ಅರ್ಧ ಇಂಚು ಮಣ್ಣು ಮುಚ್ಚು. ಹತ್ತು ಹನ್ನೆರಡು ದಿನ ಕಾಯಬೇಕು, ನಾಲ್ಕನೇ ದಿನಕ್ಕೇ ಕೆದಕಿ ನೋಡಬಾರದು. ಅಷ್ಟು ತಾಳ್ಮೆ ಇಲ್ಲ ಅಂದರೆ ಮೆಂತ್ಯ ಬಿತ್ತು. ಮೂರು ನಾಲ್ಕು ದಿನಕ್ಕೆ ಮೊಳೆತು, ತಿಂಗಳೊಳಗೆ ಸೊಪ್ಪು ಸಾರಿಗೆ ಬರುತ್ತದೆ. ಮಾರ್ಚ್‌ನಿಂದ ಮೇವರೆಗೆ ಕೊತ್ತಂಬರಿ ಬೇಡ, ಸೆಕೆಗೆ ಬೇಗ ಹೂ ಬಿಟ್ಟುಬಿಡುತ್ತದೆ.

ಪ್ರಶ್ನೆ: ಬಾಡಿಗೆ ಮನೆ. ಕುಂಡಕ್ಕೆ ದುಡ್ಡು ಹಾಕಲು ಆಗುವುದಿಲ್ಲ, ತಾರಸಿಗೆ ಭಾರ ಹಾಕಲು ಮಾಲೀಕರು ಬಿಡುವುದಿಲ್ಲ. ಏನು ಮಾಡಲಿ?
– ಹೊಲಿಗೆ ಕೆಲಸದವರು, ಮಂಡ್ಯ

ಉತ್ತರ: ಮಾಲೀಕರ ಮಾತಿನಲ್ಲಿ ಅರ್ಥ ಇದೆ. ಇಪ್ಪತ್ತು ಲೀಟರ್ ಬಕೆಟ್ಟಿಗೆ ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ ಇಪ್ಪತ್ತೈದು ಕಿಲೋ ದಾಟುತ್ತದೆ. ಅದಕ್ಕೆ ತಳದ ಅರ್ಧ ಭಾಗ ಒಣ ಎಲೆಯನ್ನು ಒತ್ತಿ ತುಂಬಿ. ಮೇಲಿನ ಅರ್ಧಕ್ಕೆ ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ. ಎಲೆ ಕೊಳೆತು ಕುಸಿದಂತೆಲ್ಲ ಮೇಲೆ ಗೊಬ್ಬರ ಹಾಕುತ್ತ ಹೋಗಿ. ಪೇಂಟ್ ಬಕೆಟ್ ಚೆನ್ನಾಗಿ ತೊಳೆದದ್ದಾದರೆ ಆಗುತ್ತದೆ. ರಾಸಾಯನಿಕ ತುಂಬಿದ್ದ ಡ್ರಮ್ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ಎಣ್ಣೆ ಕ್ಯಾನ್ ಮಲಗಿಸಿ ಮೇಲ್ಭಾಗ ಕೊಯ್ದರೆ ಸೊಪ್ಪಿನ ಮಡಿ. ಅಕ್ಕಿ ಚೀಲ ಬಿಸಿಲಿಗೆ ಒಂದು ವರ್ಷದಲ್ಲಿ ಪುಡಿಯಾಗಿ ಎಳೆ ಎಳೆ ಮಣ್ಣಿಗೆ ಸೇರುತ್ತದೆ, ನನಗೆ ಅದು ಹಿಡಿಸುವುದಿಲ್ಲ. ತೂತನ್ನು ಕಾದ ಮೊಳೆಯಲ್ಲಿ ಮಾಡಿ, ಯಾವ ಡಬ್ಬಕ್ಕೂ ತಪ್ಪಿಸಬೇಡಿ.

ಗಿಡಕ್ಕೂ ದುಡ್ಡು ಬೇಕಿಲ್ಲ. ಸಂತೆಯಿಂದ ತಂದ ಪುದೀನದ ಎಲೆ ಬಿಡಿಸಿಕೊಂಡು ಕಡ್ಡಿ ನೀರಿನಲ್ಲಿಡಿ, ಬೇರು ಬರುತ್ತದೆ. ಬಸಳೆ, ದೊಡ್ಡಪತ್ರೆ ಕಡ್ಡಿಯಿಂದಲೇ ಬರುತ್ತವೆ. ದಂಟಿನ ಬೀಜ ಕೊಳ್ಳುವುದಿದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ತರಿಸಿ. ಒಮ್ಮೆ ಬಿತ್ತಿ ಮತ್ತೆ ಮತ್ತೆ ಕೊಯ್ಯಬಹುದು.

ಪ್ರಶ್ನೆ: ಬೃಂದಾವನದಲ್ಲಿ ತುಳಸಿ ಎಷ್ಟು ಸಲ ನೆಟ್ಟರೂ ಒಣಗುತ್ತದೆ. ಮನೆಗೆ ಕೆಟ್ಟದ್ದು ಅನ್ನುತ್ತಾರೆ, ಭಯವಾಗಿದೆ ಅಕ್ಕಾ.
– ಓದುಗರು, ಚಿತ್ರದುರ್ಗ

ಉತ್ತರ: ಭಯ ಬಿಡಿ. ಬೃಂದಾವನದ ತಳದಲ್ಲಿ ನೀರು ಹೋಗಲು ತೂತು ಇದೆಯಾ ನೋಡಿ. ಸಿಮೆಂಟಿನ ಎಷ್ಟೋ ಬೃಂದಾವನಗಳಲ್ಲಿ ಇರುವುದಿಲ್ಲ. ಮನೆಯಲ್ಲಿ ನಾಲ್ಕು ಜನ ನಾಲ್ಕು ಚೊಂಬು ನೀರು ಹಾಕುತ್ತಾರೆ, ಶುಕ್ರವಾರ ಹಾಲು ಬೇರೆ. ಬೇರು ಕೊಳೆಯದೆ ಇನ್ನೇನು? ಕುಂಕುಮ, ಹಾಲು ಎಲ್ಲ ಮುಂದೆ ಒಂದು ತಟ್ಟೆಯಲ್ಲಿ ಅರ್ಪಿಸಿ. ಮಣ್ಣಿಗೆ ಬೆರಳು ಇಳಿಸಿ ಒಣಗಿದ್ದರೆ ಮಾತ್ರ ನೀರು, ಉಳಿದ ದಿನ ಉದ್ಧರಣೆ ನೀರು ಸಾಕು. ಕದಿರು ಬಂದ ಹಾಗೆಲ್ಲ ಚಿವುಟಿ, ಬೀಜವಾದರೆ ಗಿಡ ಸೊರಗುತ್ತದೆ. ಕುಂಡದ ತುಳಸಿಯ ಆಯಸ್ಸೇ ಎರಡು ಮೂರು ವರ್ಷ. ಒಂದೆರಡು ಕದಿರು ಒಣಗಲು ಬಿಟ್ಟು ಪಕ್ಕದ ಡಬ್ಬದಲ್ಲಿ ಸಸಿ ಮಾಡಿಟ್ಟುಕೊಂಡಿರಿ.

ಪ್ರಶ್ನೆ: ಹತ್ತು ದಿನ ಊರಿಗೆ ಹೋಗಬೇಕು. ನೀರು ಹಾಕುವವರಿಲ್ಲ.
– ಓದುಗರು, ಮೈಸೂರು

ಉತ್ತರ: ಕುಂಡಗಳನ್ನೆಲ್ಲ ನೆರಳಿಗೆ ತಂದು ಒತ್ತಾಗಿ ಇಡಿ. ನಡುವೆ ಸ್ಟೂಲಿನ ಮೇಲೆ ನೀರಿನ ಬಕೆಟ್. ಹಳೆಯ ಹತ್ತಿ ಪಂಚೆಯನ್ನು ಹರಿದು ಜಡೆ ಹೆಣೆದು, ಪೂರ್ತಿ ಒದ್ದೆ ಮಾಡಿ, ಒಂದು ತುದಿ ಬಕೆಟ್ಟಿನ ತಳಕ್ಕೆ ಮುಟ್ಟಿಸಿ, ಇನ್ನೊಂದು ತುದಿ ಮಣ್ಣಿನೊಳಗೆ ಎರಡಿಂಚು ಹುಗಿಯಿರಿ. ಪಾಲಿಯೆಸ್ಟರ್ ಬಟ್ಟೆ ಹತ್ತಿಯಷ್ಟು ನೀರು ಹೀರುವುದಿಲ್ಲ. ಬಕೆಟ್ಟಿಗೆ ಮುಚ್ಚಳ ಹಾಕಿ, ಸೊಳ್ಳೆ ಆಗಬಾರದು. ಹೊರಡುವ ಹಿಂದಿನ ದಿನ ಅಲ್ಲ, ನಾಲ್ಕು ದಿನ ಮೊದಲೇ ಹಾಕಿ ನೋಡಿ. ಜಡೆ ದಪ್ಪವಾದರೆ ಬಕೆಟ್ ಬೇಗ ಖಾಲಿಯಾಗುತ್ತದೆ.

ಪ್ರಶ್ನೆ: ಮೊಳಕೆ ಬಂದ ಅರಿಶಿನ ಕೊಂಬನ್ನು ಮೇ ತಿಂಗಳಲ್ಲಿ ಬಕೆಟ್ಟಿನಲ್ಲಿ ಹುಗಿದೆ. ಎಲೆ ಸೊಂಪಾಗಿದೆ. ಯಾವಾಗ ಕೀಳುವುದು?
– ಓದುಗರು, ಸಾಗರ

ಉತ್ತರ: ಎಂಟು ಒಂಬತ್ತು ತಿಂಗಳಾಗಿ ಎಲೆ ತಾನಾಗಿ ಒಣಗಿ ಬೀಳಬೇಕು, ಅಂದರೆ ಜನವರಿ, ಫೆಬ್ರವರಿ. ಅಲ್ಲಿಯವರೆಗೆ ನಾಗರ ಪಂಚಮಿಯ ಕಡುಬಿಗೆ ಎಲೆ ಕೊಯ್ಯಬಹುದು. ಒಂದು ಗಿಡಕ್ಕೆ ಒಂದೆರಡು ಎಲೆ ಮಾತ್ರ, ಅದೂ ಹೊರಗಿನದು. ನೆಂಟರು ಕೇಳಿದರೆ ಎಲೆ ಬೇಡ, ಕಡುಬು ಕೊಡಿ.