ಬೀಗ ತೆಗೆಯುವವರೇ ಬೀಗ ಸುಧಾರಿಸಿದರು

ಮಲ್ಲೇಶ್ವರದ ಓದುಗರೊಬ್ಬರ ಪತ್ರ: “ಮನೆ ಬೀಗದ ಕೈ ಎಲ್ಲೋ ಬಿದ್ದುಹೋಯಿತು. ಫುಟ್‌ಪಾತ್‌ನಲ್ಲಿ ಕೀ ಮಾಡುವವರನ್ನು ಕರೆತಂದೆ. ಬೀಗ ಒಡೆಯದೆ, ಬಾಗಿಲ ಮುಂದೆಯೇ ಕೂತು ಹೊಸ ಕೀ ಮಾಡಿ ತೆಗೆದುಬಿಟ್ಟರು! ಇಷ್ಟು ಸುಲಭ ಅಂದರೆ ಬೀಗ ಯಾಕೆ ಹಾಕಬೇಕು? ಬೆರಳಚ್ಚಿನ ಬೀಗ ತಗೊಳ್ಳಲೇ?”

ಸುಲಭ ಅಲ್ಲ ಮೇಡಂ, ಅವರ ಕೈ ಪಳಗಿದೆ ಅಷ್ಟೇ. ಖಾಲಿ ಕೀಯನ್ನು ಒಳಗೆ ತೂರಿಸಿ ಬಿಗಿಯಾಗಿ ತಿರುಗಿಸುತ್ತಾರೆ. ತಿರುಗುವುದಿಲ್ಲ, ಆದರೆ ಒಳಗಿನ ಲಿವರ್, ಅಂದರೆ ಕೀ ಎತ್ತಬೇಕಾದ ಲೋಹದ ಪಟ್ಟಿ, ಎಲ್ಲಿ ತಡೆಯಿತೋ ಅಲ್ಲಿ ಕೀ ಮೇಲೆ ಸಣ್ಣ ಗುರುತು ಬೀಳುತ್ತದೆ. ಅಷ್ಟನ್ನೇ ಅರದಿಂದ ಉಜ್ಜಿ, ಮತ್ತೆ ಹಾಕಿ, ಮತ್ತೆ ನೋಡಿ... ಹೀಗೆ. ಬೀಗವೇ ತನ್ನ ಗುಟ್ಟು ಹೇಳಿಬಿಡುತ್ತದೆ.

ಸುಮಾರು 4000 ವರ್ಷದ ಹಿಂದೆ ಈಜಿಪ್ಟಿನಲ್ಲಿ ಬೀಗ ಪೂರ್ತಿ ಮರದ್ದು. ಅಗಳಿಯ ತೂತುಗಳಿಗೆ ಮೇಲಿಂದ ಮರದ ಗೂಟಗಳು ಬೀಳುತ್ತಿದ್ದವು, ಕೀ ಅವನ್ನು ಎತ್ತುತ್ತಿತ್ತು. ರೋಮನ್ನರು ಲೋಹಕ್ಕೆ ಬಂದರು, ಪುಟ್ಟ ಕೀಗಳನ್ನು ಉಂಗುರದಂತೆ ಬೆರಳಿಗೇ ಹಾಕಿಕೊಂಡರು. ಆಮೇಲೆ ನೂರಾರು ವರ್ಷ, ಬೇರೆ ಕೀ ತಿರುಗದಂತೆ ಬೀಗದೊಳಗೆ ಅಡ್ಡಪಟ್ಟಿ ಜಾಸ್ತಿ ಮಾಡಿದ್ದೇ ಮಾಡಿದ್ದು, ಆದರೆ ತೆಳು ಕಂಬಿಯನ್ನು ಬಗ್ಗಿಸಿ ಆ ಪಟ್ಟಿಗಳನ್ನು ದಾಟಿಸಿದರೆ ಮುಗಿಯಿತು.

1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್, ಲಿವರ್ ಕಮ್ಮಿ ಎತ್ತಿದರೂ ಜಾಸ್ತಿ ಎತ್ತಿದರೂ ತೆಗೆಯದ ಬೀಗ ಮಾಡಿದ. ಇಂದಿನ ಲಿವರ್ ಬೀಗಗಳ ಮೂಲ ಅದೇ. ಜೋಸೆಫ್ ಬ್ರಾಮಾ ಇನ್ನೂ ಧೈರ್ಯಸ್ಥ. ತನ್ನ ಬೀಗವನ್ನು 1790ರಲ್ಲಿ ಲಂಡನ್ನಿನ ಅಂಗಡಿ ಕಿಟಕಿಯಲ್ಲಿಟ್ಟು, ತೆಗೆದವರಿಗೆ 200 ಗಿನಿ (ಆಗಿನ ಇಂಗ್ಲೆಂಡಿನ ಚಿನ್ನದ ನಾಣ್ಯ) ಬಹುಮಾನ ಅಂದ. ಅವನು ಸತ್ತು ಎಷ್ಟೋ ವರ್ಷವಾದರೂ ಯಾರಿಂದಲೂ ಆಗಲಿಲ್ಲ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಬೀಗ ತಜ್ಞ ಆಲ್ಫ್ರೆಡ್ ಹಾಬ್ಸ್, ಮೊದಲು ಚಬ್ ಎಂಬ ಇಂಗ್ಲಿಷ್ ಕಂಪನಿಯ ಬೀಗವನ್ನು ಸುಮಾರು 25 ನಿಮಿಷದಲ್ಲಿ ತೆಗೆದ. ಯಾರಾದರೂ ಕೈಯಾಡಿಸಿದರೆ ಸಿಕ್ಕಿಕೊಂಡು ಮಾಲೀಕನಿಗೆ ತಿಳಿಸುವ ಜಾಣ ಬೀಗ ಅದು, ಪಾಪ! ಬ್ರಾಮಾ ಬೀಗಕ್ಕೆ ಮಾತ್ರ 16 ದಿನಗಳಲ್ಲಿ ಹರಡಿದ 51 ಗಂಟೆ ಬೇಕಾಯಿತು. ಊರೆಲ್ಲ ಗಾಬರಿ. ಕಳ್ಳರಿಗೆ ಪಾಠ ಹೇಳಿಕೊಟ್ಟ ಅಂತ ಹಾಬ್ಸ್‌ನನ್ನು ಬೈದವರೂ ಇದ್ದರು. ನನಗಂತೂ ಅವನು ಮಾಡಿದ್ದು ಉಪಕಾರವೇ ಅನ್ನಿಸುತ್ತದೆ, ದೋಷ ಮುಚ್ಚಿಟ್ಟರೆ ಕಳ್ಳನಿಗೆ ಗೊತ್ತಿರುತ್ತದೆ, ಬೀಗ ಕೊಂಡವನಿಗೆ ಗೊತ್ತಿರುವುದಿಲ್ಲ, ಅಲ್ವಾ?

ಹತ್ತು ವರ್ಷ ಕಳೆದು, 1861ರಲ್ಲಿ ಅಮೆರಿಕದ ಲೈನಸ್ ಯೇಲ್ ಜೂನಿಯರ್ ಪೇಟೆಂಟ್ ಪಡೆದ ಬೀಗದಲ್ಲಿ ಮತ್ತೆ ಈಜಿಪ್ಟಿನ ಗೂಟಗಳೇ! ಮರದ ಬದಲು ಲೋಹದ ಸಣ್ಣ ಪಿನ್ನು, ಸ್ಪ್ರಿಂಗು. ಚಪ್ಪಟೆ ಕೀಯ ಹಲ್ಲುಗಳು ಎಲ್ಲ ಪಿನ್ನುಗಳನ್ನೂ ಸರಿಯಾದ ಎತ್ತರಕ್ಕೆ ತಂದರೆ ಮಾತ್ರ ಒಳಗಿನ ಉರುಳೆ ತಿರುಗುತ್ತದೆ. ನಮ್ಮಲ್ಲಿ ಅರ್ದೇಶಿರ್ ಗೋದ್ರೇಜ್ ಬೊಂಬಾಯಲ್ಲಿ ಬೀಗ ಮಾಡಲು ಶುರು ಮಾಡಿದ್ದು 1897ರಲ್ಲಿ. ಅಲೀಗಢ, ದಿಂಡಿಗಲ್‌ಗಳೂ ಬೀಗಕ್ಕೇ ಹೆಸರಾದ ಊರುಗಳು.

ಬೆರಳಚ್ಚಿನದು ಬೇಕಿದ್ದರೆ ತಗೊಳ್ಳಿ, ಬ್ಯಾಟರಿ ಮುಗಿದಾಗ ತೆಗೆಯುವ ದಾರಿ ಏನು ಅಂತ ಅಂಗಡಿಯಲ್ಲೇ ಕೇಳಿ. ಹಲವು ಮಾದರಿಗಳಲ್ಲಿ ಅದಕ್ಕೊಂದು ಮಾಮೂಲಿ ಕೀ ಇರುತ್ತದೆ! ಅದಕ್ಕಿಂತ ಮುಂಚೆ ಚಿಲಕದ ಸ್ಕ್ರೂ ನೋಡಿ. ಕಬ್ಬಿಣದ ರಾಡು ಹಿಡಿದು ಬಂದವನು ಬೀಗದ ತಂಟೆಗೇ ಹೋಗುವುದಿಲ್ಲ, ಚಿಲಕ ಮೀಟುತ್ತಾನೆ. ಇನ್ನು, ಹೊಸ ಕೀ ಮಾಡಿಸಿದಿರಿ ಸರಿ, ಬಿದ್ದುಹೋದ ಹಳೇದೂ ಅದೇ ಬೀಗವನ್ನು ತೆಗೆಯುತ್ತದೆ. ಬೀಗ ಬದಲಿಸಿಬಿಡಿ.

—ಸಂ.